ಪ್ಲಾಸ್ಟಿಕ್ ಮೇಲಿನ ಚಾರ್ಜ್ ಸೂತ್ರದ ಮಾತು ಕೇಳ್ತಿಲ್ಲ: ಸ್ವಲ್ಪ ಸರ್ರನೆ ಇಳಿಯುತ್ತೆ, ಉಳಿದದ್ದು ಕೂತೇಬಿಡುತ್ತೆ

ತಗಡುತಟ್ಟೆ

2 ಮಿಮೀ ದಪ್ಪದ ಪಾಲಿಪ್ರೊಪಿಲಿನ್ ಹಾಳೆ, 10 × 10 ಸೆಂಮೀ. ಕೆಳಗೆ ಅರ್ಥಿಂಗ್ ಮಾಡಿದ ಅಲ್ಯೂಮಿನಿಯಂ ತಟ್ಟೆ. ಮೇಲಿನಿಂದ ಸೂಜಿ ಕರೋನಾ (ಮೊನೆಯ ಸುತ್ತ ಗಾಳಿ ಅಯಾನು ಆಗಿ ಚಾರ್ಜ್ ಸುರಿಸೋದು), ಸೂಜಿಗೆ −6 ಕಿಲೋವೋಲ್ಟ್, ನಡುವಿನ ಗ್ರಿಡ್‌ಗೆ −2 ಕಿಲೋವೋಲ್ಟ್. ಒಂದು ನಿಮಿಷ ಚಾರ್ಜ್ ಮಾಡಿ, ಮುಟ್ಟದೆ ಅಳೆಯುವ ವೋಲ್ಟ್‌ಮೀಟರ್ ಪ್ರೋಬನ್ನು 2 ಮಿಮೀ ಎತ್ತರದಲ್ಲಿ ನಿಲ್ಲಿಸಿ ದಾಖಲಿಸಿದ್ದು.

ಡೇಟಾಶೀಟ್‌ನಲ್ಲಿ ರೆಸಿಸ್ಟಿವಿಟಿ 10¹⁵ ಓಮ್-ಮೀಟರ್, ಪರ್ಮಿಟಿವಿಟಿ ನಿರ್ವಾತದ 2.2 ಪಟ್ಟು. ಎರಡನ್ನೂ ಗುಣಿಸಿದರೆ ಟೈಮ್ ಕಾನ್‌ಸ್ಟಂಟ್ (ವೋಲ್ಟೇಜ್ ಮೂರನೇ ಒಂದರ ಹತ್ತಿರಕ್ಕೆ ಇಳಿಯೋ ಸಮಯ) ಸುಮಾರು 19,500 ಸೆಕೆಂಡ್, ಅಂದರೆ 5.4 ಗಂಟೆ. ನಿಜದಲ್ಲಿ ಮೊದಲ 20 ನಿಮಿಷದಲ್ಲೇ 2000ದಿಂದ 1300 ವೋಲ್ಟ್‌ಗೆ ಬಂತು. ಮಾರನೇ ದಿನ ನೋಡಿದರೆ ಇನ್ನೂ 700! ಲಾಗ್ ಗ್ರಾಫಿನಲ್ಲಿ ಸರಳರೇಖೆ ಬರಬೇಕಿತ್ತು, ಬಂದಿರೋದು ಬಾಳೆಕಾಯಿ. ಸೂತ್ರ ತಪ್ಪಾ, ಮೀಟರ್ ತಪ್ಪಾ?

ಓಮ್‌ಶಾಂತಿ

ತೇವಾಂಶ ಎಷ್ಟಿತ್ತು? ಅದನ್ನ ಬರೆಯದೆ ಈ ವಿಷಯದಲ್ಲಿ ಯಾವ ಅಂಕಿ ಕೊಟ್ಟರೂ ಉಪಯೋಗ ಇಲ್ಲ.

ತಗಡುತಟ್ಟೆ

48ರಿಂದ 55 ಪರ್ಸೆಂಟ್ ಮಧ್ಯೆ ಓಡಾಡ್ತಿತ್ತು. ತಾಪಮಾನ 26 ಡಿಗ್ರಿ.

ಡೈಎಲೆಕ್ಟ್ರಿಕ್ ದಾದಾ

ಸೂತ್ರ ಸರಿ ಇದೆ, ನೀವು ಅದನ್ನ ಹಾಕಿರೋ ವಸ್ತು ಸರಿ ಇಲ್ಲ. ರೆಸಿಸ್ಟಿವಿಟಿ ಗುಣಿಸು ಪರ್ಮಿಟಿವಿಟಿ ಅನ್ನೋದು ನಡೆಯೋದು ವಾಹಕತೆ ಸ್ಥಿರವಾಗಿದ್ದಾಗ, ಅಂದರೆ ಒಳಗೆ ಸದಾ ಸಿದ್ಧವಾಗಿರೋ ವಾಹಕ ಕಣಗಳಿದ್ದಾಗ. ಪೆಟ್ರೋಲ್, ಡೀಸೆಲ್ ತರದ ದ್ರವಗಳಿಗೆ ಚೆನ್ನಾಗಿ ಹೊಂದುತ್ತೆ: ವಾಹಕತೆ ಮೀಟರಿಗೆ 1 ಪಿಕೋಸೀಮನ್ಸ್ ಇದ್ದರೆ 18 ಸೆಕೆಂಡ್, 50 ಇದ್ದರೆ 0.36 ಸೆಕೆಂಡ್. ಒಳ್ಳೆ ಪಾಲಿಮರ್‌ನಲ್ಲಿ ಅಂಥ ಕಣಗಳು ಇಲ್ಲವೇ ಇಲ್ಲ ಅನ್ನಬಹುದು. ನೀವು ಮೇಲೆ ಕೂರಿಸಿದ ಚಾರ್ಜೇ ಸಾಗಬೇಕು, ಅದು ಟ್ರ್ಯಾಪ್‌ಗಳಲ್ಲಿ, ಅಂದರೆ ಚಾರ್ಜನ್ನು ಹಿಡಿದಿಡುವ ಶಕ್ತಿಯ ಗುಳಿಗಳಲ್ಲಿ, ಸಿಕ್ಕಿಕೊಂಡಿರುತ್ತೆ.

ಟ್ರ್ಯಾಪ್‌ನಿಂದ ಹೊರಬರಲು ಬೇಕಾದ ಸಮಯ ಅದರ ಆಳಕ್ಕೆ ಘಾತೀಯವಾಗಿ ಏರುತ್ತೆ. ಕೋಣೆಯ ತಾಪಮಾನ, ಸೆಕೆಂಡಿಗೆ 10¹² ಪ್ರಯತ್ನ ಅಂತ ಹಿಡಿದು ಲೆಕ್ಕ ಹಾಕಿ. 0.8 ಎಲೆಕ್ಟ್ರಾನ್‌ವೋಲ್ಟ್ ಆಳದ್ದು 26 ಸೆಕೆಂಡಿನಲ್ಲಿ ಖಾಲಿ. 1.0 ಆದರೆ 16 ಗಂಟೆ. 1.2 ಆದರೆ ನಾಲ್ಕು ವರ್ಷಕ್ಕೂ ಮೇಲೆ. ನಿಮ್ಮ ಹಾಳೆಯಲ್ಲಿ ಇವೆಲ್ಲಾ ಬೆರೆತಿವೆ. ಆಳ ಕಡಿಮೆ ಇರೋವು ಮೊದಲ ಕಾಲು ಗಂಟೆಯಲ್ಲಿ ಖಾಲಿಯಾಗ್ತವೆ, ಉಳಿದವು ಕೂತಿರ್ತವೆ. ಒಂದೇ ಟೈಮ್ ಕಾನ್‌ಸ್ಟಂಟ್ ಹುಡುಕೋದೇ ವ್ಯರ್ಥ.

ಇನ್ನು ಡೇಟಾಶೀಟ್‌ನ ಆ 10¹⁵. ಸಾಮಾನ್ಯವಾಗಿ 500 ವೋಲ್ಟ್ ಹಾಕಿ 60ನೇ ಸೆಕೆಂಡಿನಲ್ಲಿ ಓದಿದ ಕರೆಂಟ್‌ನಿಂದ ಬಂದಿರುತ್ತೆ. ಆ ಹೊತ್ತಿಗೆ ಹರಿಯೋದರಲ್ಲಿ ಬಹುಪಾಲು ಅಬ್ಸಾರ್ಪ್ಶನ್ ಕರೆಂಟ್ (ವಸ್ತು ನಿಧಾನವಾಗಿ ಧ್ರುವೀಕರಣ ಆಗುವಾಗ ಹರಿಯೋದು), ನಿಜವಾದ ವಹನ ಅಲ್ಲ. ಒಂದು ಗಂಟೆ ಕಾದು ಓದಿದರೆ ಅದೇ ಹಾಳೆ ಹತ್ತು ಪಟ್ಟು ಹೆಚ್ಚು ರೆಸಿಸ್ಟಿವಿಟಿ ತೋರಿಸಬಹುದು.

ಮೇಲ್ಮೈ ಮಲ್ಲಣ್ಣ

ದಾದಾ, ಎಲ್ಲಾ ಟ್ರ್ಯಾಪ್ ಮೇಲೆ ಹಾಕಬ್ಯಾಡ್ರೀ. 50 ಪರ್ಸೆಂಟ್ ತೇವಾಂಶದಾಗ ಮೊದಲು ಓಡೋದು ಮೇಲ್ಮೈ ಮ್ಯಾಲಿಂದ, ಅಂಚು ದಾಟಿ ತಟ್ಟೆಗೆ. ಲೆಕ್ಕ ಇಲ್ಲೈತಿ ನೋಡ್ರಿ.

ಕೆಳಗೆ ಅರ್ಥಿಂಗ್ ಇರೋ ಹಾಳೆ ಅಂದ್ರ ಹರಡಿಕೊಂಡ ಆರ್‌ಸಿ ಲೈನ್, ಉದ್ದಕ್ಕೂ ರೆಸಿಸ್ಟನ್ಸ್, ಕೆಳಗೆಲ್ಲಾ ಕೆಪಾಸಿಟನ್ಸ್. ಚದರ ಮೀಟರಿಗೆ ಕೆಪಾಸಿಟನ್ಸ್ ಸುಮಾರು 9.7 ನ್ಯಾನೋಫ್ಯಾರಡ್. ಮಧ್ಯದಿಂದ ಅಂಚಿಗೆ 5 ಸೆಂಮೀ. ಬೇಕಾಗೋ ಸಮಯ ಅಂದಾಜು ದೂರದ ವರ್ಗ × ಮೇಲ್ಮೈ ರೆಸಿಸ್ಟಿವಿಟಿ × ಆ ಕೆಪಾಸಿಟನ್ಸ್. ಮೇಲ್ಮೈ 10¹⁵ ಓಮ್ ಪರ್ ಸ್ಕ್ವೇರ್ ಇದ್ರ 6.8 ಗಂಟೆ. 10¹³ಕ್ಕೆ ಇಳೀತು ಅಂದ್ರ ಬರೇ 4 ನಿಮಿಷ. ಒಂದು ಬೆರಳಚ್ಚು, ಅದರಾಗಿನ ಉಪ್ಪು, 55 ಪರ್ಸೆಂಟ್ ತೇವಾಂಶ, ಇಷ್ಟು ಸಾಕು ಎರಡು ಸೊನ್ನೆ ಹಾರಿಸಾಕ.

ಇನ್ನೊಂದು, ಭಾಳ ಮಂದಿ ತಪ್ಪಿಸ್ಕೊಳ್ಳೋದು: ಹಾಳೆ ತೆಳ್ಳಗಾದಷ್ಟೂ ಮೇಲ್ಮೈ ದಾರಿ ನಿಧಾನ ಆಗ್ತೈತಿ. 2 ಮಿಮೀ ಬದಲು 50 ಮೈಕ್ರಾನ್ ಫಿಲ್ಮ್ ಹಾಕಿದ್ರ ಕೆಪಾಸಿಟನ್ಸ್ 40 ಪಟ್ಟು, ಆ 6.8 ಗಂಟೆ ಹೋಗಿ 11 ದಿನ. ಒಳದಾರಿಗೆ ಮಾತ್ರ ದಪ್ಪದ ಲೆಕ್ಕನೇ ಇಲ್ಲ.

ಡೈಎಲೆಕ್ಟ್ರಿಕ್ ದಾದಾ

ಒಳದಾರಿಗೆ ದಪ್ಪದ ಲೆಕ್ಕ ಇಲ್ಲ ಅನ್ನೋದು ಓಮಿಕ್ (ವಾಹಕತೆ ಸ್ಥಿರ ಇರೋ) ವಸ್ತುವಿಗೆ ಮಾತ್ರ, ಮಲ್ಲಣ್ಣ. ಚಾರ್ಜೇ ಮೇಲಿಂದ ಒಳಗೆ ಇಂಜೆಕ್ಟ್ ಆಗಿ ದಾಟಬೇಕಾದರೆ ದಪ್ಪ ಲೆಕ್ಕಕ್ಕೆ ಬರುತ್ತೆ. ಉಳಿದದ್ದು ಒಪ್ಪಿದೆ.

ಮೇಲ್ಮೈ ಮಲ್ಲಣ್ಣ

ಅದು ಖರೇ.

ಕಿಡಿಗೇಡಿ

ಇಷ್ಟೆಲ್ಲಾ ಯಾಕ್ರಪ್ಪಾ, ಮೇಲ್ಗಡೆಗೆ ಒಂದು ವೈರ್ ಅಂಟಿಸಿ ಅರ್ಥಿಂಗ್ ಕೊಟ್ಟುಬಿಡಿ. ಚಾರ್ಜ್ ಹೋಯ್ತು, ಕಥೆ ಮುಗೀತು.

ಓಮ್‌ಶಾಂತಿ

ಯಾರಾದ್ರೂ ಇದನ್ನ ಹೇಳೇ ಹೇಳ್ತಾರೆ ಅಂತ ಕಾಯ್ತಿದ್ದೆ.

ಪಾಲಿಮರ್ ಪದ್ಮ

ವೈರ್ ಮುಟ್ಟಿದ ಜಾಗದ ಚಾರ್ಜ್ ಮಾತ್ರ ಹೋಗುತ್ತೆ, ಹೆಚ್ಚೆಂದರೆ ಸುತ್ತಲಿನ ಒಂದೆರಡು ಮಿಲಿಮೀಟರ್. ಮಿಕ್ಕಿದ್ದು ವೈರ್‌ವರೆಗೆ ಬರೋಕೆ ದಾರಿಯೇ ಇಲ್ಲ, ಇದ್ದಿದ್ದರೆ ಅದು ಅವಾಹಕ ಆಗ್ತಿರಲಿಲ್ಲ. ಪ್ಲಾಸ್ಟಿಕ್ ಟ್ರೇಗೆ ಅರ್ಥಿಂಗ್ ಕ್ಲಿಪ್ ಸಿಕ್ಕಿಸಿ ಇಎಸ್‌ಡಿ (ಸ್ಟ್ಯಾಟಿಕ್ ಕಿಡಿ) ಸೇಫ್ ಅಂತ ಸ್ಟಿಕ್ಕರ್ ಹಚ್ಚೋದೂ ಇದೇ ಸಾಲಿಗೆ. ಇಎಸ್‌ಡಿ ಪ್ಯಾಕೇಜಿಂಗ್ ವಿಂಗಡಣೆಯಲ್ಲಿ 10⁴ ಓಮ್‌ಗಿಂತ ಕಡಿಮೆ ಇದ್ದರೆ ಕಂಡಕ್ಟಿವ್, 10⁴ರಿಂದ 10¹¹ರೊಳಗೆ ಡಿಸಿಪೇಟಿವ್, ಅದಕ್ಕಿಂತ ಮೇಲಿದ್ದರೆ ಇನ್ಸುಲೇಟರ್. ಕ್ಲಿಪ್‌ಗೆ ಬೆಲೆ ಇರೋದು ಮೊದಲ ಎರಡಕ್ಕೆ. ಮೂರನೆಯದಕ್ಕೆ ಅಯಾನೈಸರ್ (ಗಾಳಿಯಲ್ಲಿ ಅಯಾನು ಹುಟ್ಟಿಸಿ ಚಾರ್ಜ್ ತಟಸ್ಥ ಮಾಡೋ ಸಾಧನ) ಬೇಕು, ಇಲ್ಲ ಆ ವಸ್ತುವನ್ನೇ ಬದಲಾಯಿಸಬೇಕು.

ಕಿಡಿಗೇಡಿ

ಸರಿ ಮೇಡಂ. ಹಂಗಾದ್ರೆ ಐಪಿಎ (ಐಸೊಪ್ರೊಪೈಲ್ ಆಲ್ಕೊಹಾಲ್) ಹಾಕಿ ಒರೆಸಿದರೆ?

ಪಾಲಿಮರ್ ಪದ್ಮ

ಒದ್ದೆ ಇರೋವರೆಗೆ ಚಾರ್ಜ್ ಹೋಗುತ್ತೆ, ಆ ದ್ರವದ ಪದರವೇ ಸಾಕಷ್ಟು ವಾಹಕ. ತೊಂದರೆ ಎರಡು. ಒರೆಸುತ್ತಾ ಒರೆಸುತ್ತಾ ಒಣಗಿತು ಅಂದರೆ ಕೊನೆಯ ಎಳೆತ ಒಣಬಟ್ಟೆಯ ಎಳೆತವೇ, ಹೊಸದಾಗಿ ಚಾರ್ಜ್ ಕೂರುತ್ತೆ. ಹಾಗಾಗಿ ಒರೆಸೋ ಬದಲು ಸುರಿದು, ಇಳಿಬಿಟ್ಟು, ತಾನಾಗಿ ಒಣಗಲು ಬಿಡಿ. ಇನ್ನೊಂದು, ಮೇಲಿದ್ದ ಜಿಡ್ಡು, ಉಪ್ಪು, ಆಂಟಿಸ್ಟ್ಯಾಟಿಕ್ ಲೇಪ ಎಲ್ಲಾ ಕೊಚ್ಚಿಕೊಂಡು ಹೋಗಿ ಮೇಲ್ಮೈ ರೆಸಿಸ್ಟಿವಿಟಿ ಏರುತ್ತೆ. ಮುಂದಿನ ಸಲ ಕೂತ ಚಾರ್ಜ್ ಮೊದಲಿಗಿಂತ ಜಾಸ್ತಿ ಹೊತ್ತು ನಿಲ್ಲುತ್ತೆ. ತೊಳೆದ ಮೇಲೆ ಸ್ಟ್ಯಾಟಿಕ್ ಜಾಸ್ತಿ ಆಯ್ತು ಅನ್ನೋ ದೂರಿಗೆ ಕಾರಣ ಇದೇ.

ಅಕ್ರಿಲಿಕ್ ಮೇಲೆ ಮಾತ್ರ ಹಾಕಬೇಡಿ. ಕತ್ತರಿಸಿದ ಅಂಚಲ್ಲಿ ಒತ್ತಡ ಉಳಿದಿದ್ದರೆ ಆಲ್ಕೊಹಾಲ್ ತಗುಲಿ ಸಣ್ಣ ಬಿರುಕಿನ ಜಾಲ ಬೀಳುತ್ತೆ.

ತಗಡುತಟ್ಟೆ

ಮತ್ತೆ ನನ್ನ ಹಾಳೆಗೆ ಬರೋಣ. ಒಳಗಿಂದ ಹೋಗ್ತಿದೆಯೋ ಮೇಲಿಂದ ಹೋಗ್ತಿದೆಯೋ ಬೇರ್ಪಡಿಸೋದು ಹೇಗೆ? ಒಂದೇ ಪ್ರೋಬ್, ಮಧ್ಯದ ಒಂದೇ ಬಿಂದು ನೋಡ್ತಿದ್ದೀನಿ.

ಡೈಎಲೆಕ್ಟ್ರಿಕ್ ದಾದಾ

ಒಂದೇ ಬಿಂದು ನೋಡಿದರೆ ಗೊತ್ತಾಗಲ್ಲ. ಹೀಗೆ ಮಾಡಿ.

ಇಡೀ ಹಾಳೆ ಚಾರ್ಜ್ ಮಾಡಬೇಡಿ. 2 ಸೆಂಮೀ ತೂತು ಇರೋ ಲೋಹದ ಮುಸುಕನ್ನು ಹಾಳೆಗೆ ತಾಗದಂತೆ ಮೇಲೆ ಹಿಡಿದು, ಅದಕ್ಕೆ ಅರ್ಥಿಂಗ್ ಕೊಟ್ಟು, ಮಧ್ಯದಲ್ಲಿ ಒಂದು ಮಚ್ಚೆ ಮಾತ್ರ ಕೂರಿಸಿ. ಮುಸುಕು ತೆಗೆದು, ಮಧ್ಯದಿಂದ ಅಂಚಿನವರೆಗೆ 2 ಮಿಮೀಗೊಂದು ಓದು ತೆಗೆದುಕೊಳ್ಳಿ. ಪ್ರೋಬ್ ಎತ್ತರ ಬದಲಾಗಬಾರದು, ಅದಕ್ಕೆ ಕೈಯಲ್ಲಿ ಹಿಡಿಯದೆ ಸ್ಲೈಡ್ ಮೇಲೆ ಕೂರಿಸಿ. 1, 3, 10, 30, 100 ನಿಮಿಷಕ್ಕೆ ಮತ್ತೆ ಅದೇ ಸಾಲು. ಸಮಯವನ್ನು ಸಮನಾಗಿ ಹಂಚಬೇಡಿ, ಲಾಗ್ ಪ್ರಕಾರ ಹಂಚಿ. ಇಲ್ಲಿ ಮೊದಲ ಹತ್ತು ನಿಮಿಷಕ್ಕೂ ಆಮೇಲಿನ ಹದಿನಾರು ಗಂಟೆಗೂ ಸರಿಸಮ ತೂಕ.

ಈಗ ಆಕಾರ ನೋಡಿ. ಗುಡ್ಡ ತಗ್ಗುತ್ತಾ ಅಗಲ ಆಗ್ತಾ ಇದ್ದರೆ, ಮತ್ತು ವೋಲ್ಟೇಜ್ × ಉಂಗುರದ ವಿಸ್ತೀರ್ಣ ಕೂಡಿದ ಮೊತ್ತ ಹಾಗೇ ಇದ್ದರೆ, ಚಾರ್ಜ್ ಎಲ್ಲೂ ಹೋಗಿಲ್ಲ, ಮೇಲ್ಮೈಯಲ್ಲಿ ಹರಡಿದೆ ಅಷ್ಟೆ. ಅಗಲ ಆಗದೆ ತಗ್ಗಿದರೆ ಒಳಗೆ ಇಳಿದಿದೆ. ಮಧ್ಯದಲ್ಲಿ ಗುಳಿ ಬಿದ್ದು ಸುತ್ತ ದಂಡೆ ಉಳಿದರೆ, ಅತಿ ಹೆಚ್ಚು ಫೀಲ್ಡ್ ಇದ್ದ ಕಡೆ ಇಂಜೆಕ್ಷನ್ ಜೋರಾಗಿದೆ ಅಂತ.

ಆ ಮೊತ್ತ ತೆಗೆಯುವಾಗ ಅಂಚಿನ ಸಣ್ಣ ಓದುಗಳನ್ನ ಸೊನ್ನೆ ಅಂತ ಎಸೆಯಬೇಡಿ. ತ್ರಿಜ್ಯ ದೊಡ್ಡದಾದಂತೆ ಉಂಗುರದ ವಿಸ್ತೀರ್ಣವೂ ದೊಡ್ಡದು, 20 ವೋಲ್ಟ್ ಕೂಡ ಲೆಕ್ಕಕ್ಕೆ ಬರುತ್ತೆ.

ಗಾಳಿಪಟ

ನೀವೆಲ್ಲಾ ಗಾಳಿಯನ್ನೇ ಮರೆತಿದ್ದೀರಿ. ಗಾಳಿಯಲ್ಲಿ ಸದಾ ಅಯಾನುಗಳಿರ್ತವೆ, ವಿರುದ್ಧ ಚಿಹ್ನೆಯವು ಬಂದು ಹಾಳೆ ಮೇಲೆ ಕೂತು ಚಾರ್ಜ್ ತಟಸ್ಥ ಮಾಡ್ತವೆ. ತೆರೆದ ಗಾಳಿಯ ವಾಹಕತೆ ಹಿಡಿದರೆ ರಿಲ್ಯಾಕ್ಸೇಶನ್ ಸಮಯ, ಅಂದರೆ ಅದರ ಟೈಮ್ ಕಾನ್‌ಸ್ಟಂಟ್, 15 ನಿಮಿಷದ ಆಸುಪಾಸು. ತಗಡುತಟ್ಟೆಯವರ 20 ನಿಮಿಷದ ಇಳಿಕೆ ಇದೇ ಇರಬೇಕು.

ಮೇಲ್ಮೈ ಮಲ್ಲಣ್ಣ

ಆ 15 ನಿಮಿಷ ತೆರೆದ ಬಯಲಿಗ್ರೀ, ಅಯಾನು ಎಷ್ಟು ಬೇಕಾದ್ರೂ ಬರ್ತಾವು ಅನ್ನೋ ಷರತ್ತಿನ ಮ್ಯಾಲೆ. ಇಲ್ಲಿ ಬರಬೇಕಲ್ಲ! ನೆಲಮಟ್ಟದ ಗಾಳಿಯಾಗ ಸೆಕೆಂಡಿಗೆ ಘನ ಸೆಂಟಿಮೀಟರಿಗೆ ಸುಮಾರು 10 ಜೋಡಿ ಹುಟ್ಟತಾವು. ಹಾಳೆ ಸುತ್ತ ಒಂದು ಲೀಟರ್ ಮುಚ್ಚಿದ ಡಬ್ಬಿ ಅಂತ ಹಿಡೀರಿ: ಸೆಕೆಂಡಿಗೆ 10,000 ಜೋಡಿ, ಅಷ್ಟೂ ಹಾಳೆಗೇ ಬಂದ್ರೂ 1.6 × 10⁻¹⁵ ಆಂಪಿಯರ್. ಹಾಳೆ ಮ್ಯಾಲಿರೋದು 0.19 ಮೈಕ್ರೋಕೂಲಂ. ಪೂರ್ತಿ ತೀರಾಕ ಮೂರೂವರೆ ವರ್ಷದ ಮ್ಯಾಲೆ ಬೇಕು.

ಮತ್ತ ಕೆಳಗೆ ತಟ್ಟೆ ಐತಿ. ಫೀಲ್ಡ್ ಬಹುತೇಕ ಪ್ಲಾಸ್ಟಿಕ್ ಒಳಗೇ ಮುಗೀತೈತಿ, ಹೊರಗೆ ಕೈ ಚಾಚಿ ಅಯಾನು ಕರಿಯೋ ಫೀಲ್ಡ್ ಕಡಿಮಿ. ಫ್ಯಾನ್ ತಿರುಗಿಸಿ ಹೊಸ ಗಾಳಿ ಬಿಟ್ರ ಸ್ವಲ್ಪ ಹೆಚ್ಚಾದೀತು, ಆದ್ರ 20 ನಿಮಿಷದಾಗ 700 ವೋಲ್ಟ್ ಅಂತೂ ಅಲ್ಲ.

ಗಾಳಿಪಟ

ಹಾಳೆಯನ್ನ ದಾರದಲ್ಲಿ ನೇತುಹಾಕಿದ್ದರೆ?

ಮೇಲ್ಮೈ ಮಲ್ಲಣ್ಣ

ಅಂದ್ರ ನಿಮ್ಮ ಮಾತಿಗೆ ತೂಕ ಬರತೈತಿ. ಫೀಲ್ಡ್ ಎಲ್ಲಾ ಹೊರಗೇ ಇರತೈತಿ, ದೊಡ್ಡ ಕೋಣೆಯ ಅಯಾನು ಎಳೀತೈತಿ.

ಗಾಳಿಪಟ

ಇದನ್ನೇ ಹೇಳ್ತಿದ್ದೆ.

ಓಮ್‌ಶಾಂತಿ

ಇಲ್ಲ, ನೀವು ತಟ್ಟೆ ಮೇಲಿನ ಹಾಳೆಗೆ ಹೇಳಿದ್ದು. 🙂

ರೋಲರ್ ರಾಣಿ

ತಟ್ಟೆ ಇದ್ದರೆ, ಇಲ್ಲದಿದ್ದರೆ ಅನ್ನೋ ಈ ವ್ಯತ್ಯಾಸ ಫಿಲ್ಮ್ ಸುತ್ತುವ ಮೆಶಿನ್‌ಗಳಲ್ಲಿ ದಿನಾ ತಲೆನೋವು. 50 ಮೈಕ್ರಾನ್ ಫಿಲ್ಮ್ ಮೇಲೆ ಚದರ ಮೀಟರಿಗೆ 20 ಮೈಕ್ರೋಕೂಲಂ ಇದೆ ಅಂದುಕೊಳ್ಳಿ. ಲೋಹದ ರೋಲರ್ ಮೇಲೆ ಕೂತಿರುವಾಗ ಮೀಟರ್ ತೋರಿಸೋದು 50 ವೋಲ್ಟ್ ಅಷ್ಟೆ. ಅದೇ ಫಿಲ್ಮ್ ರೋಲರ್ ಬಿಟ್ಟು ಗಾಳಿಗೆ ಬಂದ ತಕ್ಷಣ ಹತ್ತಾರು ಕಿಲೋವೋಲ್ಟ್. ಚಾರ್ಜ್ ಒಂದಿಷ್ಟೂ ಹೆಚ್ಚಾಗಿಲ್ಲ, ಕೆಪಾಸಿಟನ್ಸ್ ಬಿದ್ದುಹೋಗಿದೆ. ರೋಲರ್ ಮೇಲೆ ಅಳೆದು ಸ್ಟ್ಯಾಟಿಕ್ ಇಲ್ಲ ಅಂತ ರಿಪೋರ್ಟ್ ಬರೆಯುವವರಿಗೆ ಇದನ್ನ ಎಷ್ಟು ಸಲ ಹೇಳಿದರೂ ಸಾಲದು.

ಅಯಾನೈಸಿಂಗ್ ಬಾರ್ ಕೂಡ ಅಷ್ಟೆ. ಎರಡು ರೋಲರ್ ನಡುವಿನ ಖಾಲಿ ಓಟದಲ್ಲಿ ಇರಬೇಕು, ಹಿಂದೆ ಲೋಹ ಇರಬಾರದು. ರೋಲರ್ ಎದುರಿಗೆ ಹಾಕಿದರೆ ಫೀಲ್ಡ್ ರೋಲರ್ ಕಡೆ ತಿರುಗಿರುತ್ತೆ, ಅಯಾನುಗಳನ್ನ ಎಳೆಯೋರೇ ಇಲ್ಲ. ಕರೆಂಟ್ ಇಲ್ಲದ ತಾಮ್ರದ ಜರಿ ಬ್ರಷ್ ಹಾಕುವವರು ಫಿಲ್ಮ್‌ನಿಂದ 5ರಿಂದ 10 ಮಿಮೀ ದೂರದಲ್ಲಿ ಕಟ್ಟಿ, ಅರ್ಥಿಂಗ್ ಖಾತ್ರಿ ಮಾಡಿಕೊಳ್ಳಿ. ಅದು ಫಿಲ್ಮ್‌ನದೇ ಫೀಲ್ಡ್‌ನಿಂದ ಕರೋನಾ ಹುಟ್ಟಿಸುತ್ತೆ, ಹಾಗಾಗಿ ಕೆಲವು ಕಿಲೋವೋಲ್ಟ್ ಕೆಳಗೆ ಬಂದರೆ ಸುಮ್ಮನಾಗುತ್ತೆ. ಸೊನ್ನೆಗೆ ತರೋದು ಅದರ ಕೈಲಾಗಲ್ಲ.

ತಗಡುತಟ್ಟೆ

ಗಾಳಿಯಲ್ಲಿ ಗರಿಷ್ಠ ಎಷ್ಟು ಚಾರ್ಜ್ ಕೂರಬಹುದು? ನನ್ನದು ಚದರ ಮೀಟರಿಗೆ 19.5 ಮೈಕ್ರೋಕೂಲಂ ಬರ್ತಿದೆ.

ಡೈಎಲೆಕ್ಟ್ರಿಕ್ ದಾದಾ

ಫೀಲ್ಡ್ ಗಾಳಿ ಕಡೆ ಒಂದೇ ಬದಿಗೆ ಇದ್ದರೆ, ಗಾಳಿ ಮೀಟರಿಗೆ 3 ಮೆಗಾವೋಲ್ಟ್‌ಗೆ ಒಡೆಯುತ್ತೆ ಅಂತ ಹಿಡಿದರೆ, ಸುಮಾರು 26.5 ಮೈಕ್ರೋಕೂಲಂ. ಎರಡೂ ಬದಿಗೆ ಹಂಚಿದರೆ ಅದರ ಎರಡರಷ್ಟು. ಆದರೆ ಹಿಂದೆ ಲೋಹ ಇದ್ದರೆ ಈ ಮಿತಿ ಅನ್ವಯಿಸಲ್ಲ, ಫೀಲ್ಡ್ ಪ್ಲಾಸ್ಟಿಕ್ ಒಳಗೆ ಅಡಗಿರುತ್ತಲ್ಲ. ಅಲ್ಲಿ ಅದರ ಹತ್ತು ಪಟ್ಟೂ ಕೂರುತ್ತೆ.

ರೋಲರ್ ರಾಣಿ

ಅಪಾಯ ಇರೋದು ಅಲ್ಲೇ. ಲೋಹದ ಮೇಲಿನ ತೆಳು ಪದರ, ಚಾರ್ಜ್ ಚದರ ಮೀಟರಿಗೆ 250 ಮೈಕ್ರೋಕೂಲಂ ದಾಟಿದೆ, ಪದರ 4 ಕಿಲೋವೋಲ್ಟ್‌ಗೂ ಒಡೆಯದೆ ತಡೆದುಕೊಳ್ಳುತ್ತೆ ಅಂದರೆ ಪ್ರೊಪಗೇಟಿಂಗ್ ಬ್ರಷ್ ಡಿಸ್ಚಾರ್ಜ್ ಸಾಧ್ಯ. ಮಾಮೂಲಿ ಬ್ರಷ್ ಡಿಸ್ಚಾರ್ಜ್‌ಗೆ ಹೆಚ್ಚೆಂದರೆ 4 ಮಿಲಿಜೂಲ್, ಇದು ಜೂಲ್‌ಗಳ ಲೆಕ್ಕ. ಇಡೀ ಮೇಲ್ಮೈಯ ಚಾರ್ಜ್ ಒಂದೇ ಸಲ ಒಂದೇ ಬಿಂದುವಿಗೆ ಓಡಿಬರುತ್ತೆ. ಪುಡಿ ಸಾಗಿಸುವ ಪೈಪಿಗೆ ಒಳಗಡೆ ಪ್ಲಾಸ್ಟಿಕ್ ಲೈನಿಂಗ್ ಹಾಕುವ ಮುಂಚೆ ಎರಡು ಸಲ ಯೋಚಿಸಿ. ಹಾಕಲೇಬೇಕಿದ್ದರೆ ಒಡೆಯುವ ವೋಲ್ಟೇಜ್ 4 ಕಿಲೋವೋಲ್ಟ್‌ಗಿಂತ ಕಡಿಮೆ ಇರೋ ಲೈನಿಂಗ್ ಆರಿಸಿ. ಕಳಪೆ ಇನ್ಸುಲೇಶನ್ನೇ ಸುರಕ್ಷಿತ ಆಗೋ ಅಪರೂಪದ ಜಾಗ.

ಕಿಡಿಗೇಡಿ

ಉಜ್ಜಿದರೆ ಯಾವುದು ಪ್ಲಸ್, ಯಾವುದು ಮೈನಸ್ ಅಂತ ಪಟ್ಟಿ ಇದೆಯಲ್ಲ, ಗಾಜು, ನೈಲಾನ್ ಒಂದು ತುದಿ, ಪಿವಿಸಿ, ಟೆಫ್ಲಾನ್ ಇನ್ನೊಂದು ತುದಿ. ಅದನ್ನ ನಂಬಬಹುದಾ?

ಪಾಲಿಮರ್ ಪದ್ಮ

ತುದಿಗಳನ್ನ ನಂಬಿ, ಮಧ್ಯದ್ದನ್ನ ನಂಬಬೇಡಿ. ಯೋಹಾನ್ ಕಾರ್ಲ್ ವಿಲ್ಕೆ 1757ರಲ್ಲೇ ಮೊದಲ ಪಟ್ಟಿ ಕೊಟ್ಟ. ಆಮೇಲೆ ಬಂದ ಪಟ್ಟಿಗಳು ಮಧ್ಯಭಾಗದಲ್ಲಿ ಒಂದಕ್ಕೊಂದು ಒಪ್ಪಲ್ಲ, ಯಾಕೆಂದರೆ ಮೇಲ್ಮೈಯ ಕೊಳೆ, ತೇವ, ಯಾವುದು ಹೆಚ್ಚು ಉಜ್ಜಲ್ಪಟ್ಟಿತು ಅನ್ನೋದೆಲ್ಲಾ ಫಲಿತಾಂಶ ಬದಲಾಯಿಸುತ್ತೆ. ಒಂದೇ ಹಾಳೆಯ ಎರಡು ತುಂಡು ಉಜ್ಜಿದರೂ ಚಾರ್ಜ್ ಬರುತ್ತೆ.

2011ರಲ್ಲಿ ಬಾಯ್ಟೆಕಿನ್ ಮತ್ತು ಸಂಗಡಿಗರು ಸೈನ್ಸ್ ಪತ್ರಿಕೆಯಲ್ಲಿ ತೋರಿಸಿದ್ದು ಇನ್ನೂ ಮಜಾ ಇದೆ. ಮುಟ್ಟಿ ಬೇರ್ಪಡಿಸಿದ ಮೇಲ್ಮೈ ಪೂರ್ತಿ ಪ್ಲಸ್ ಅಥವಾ ಪೂರ್ತಿ ಮೈನಸ್ ಆಗಿರಲ್ಲ. ಎರಡೂ ಬಗೆಯ ಅತಿಸಣ್ಣ ತೇಪೆಗಳ ಮೊಸಾಯಿಕ್. ನಮ್ಮ ಮೀಟರ್ ಕಾಣೋದು ಅವುಗಳ ವ್ಯತ್ಯಾಸ ಮಾತ್ರ. ಹಾಗಾಗಿ ಮೀಟರ್ ಸೊನ್ನೆ ತೋರಿಸಿದರೂ ಮೇಲ್ಮೈ ಮೇಲೆ ಚಾರ್ಜ್ ಇಲ್ಲ ಅಂತ ಅಲ್ಲ, ದೂಳು ಅಂಟೋದು ನಿಲ್ಲದೇ ಇರಬಹುದು.

ಗಾಳಿಪಟ

ಉಜ್ಜಲೇಬೇಕಂತಲೂ ಇಲ್ಲ, ಮುಟ್ಟಿ ಬಿಡಿಸಿದರೆ ಸಾಕು. ಅಂಟುಟೇಪ್ ಸುರುಳಿಯಿಂದ ಎಳೆದರೆ ಸಾಕಲ್ಲ. ನಿರ್ವಾತದಲ್ಲಿ ಟೇಪ್ ಬಿಚ್ಚಿದರೆ ಎಕ್ಸ್‌ರೇ ಬರುತ್ತೆ, 2008ರಲ್ಲಿ ಅದರಿಂದ ಬೆರಳಿನ ಎಕ್ಸ್‌ರೇ ಚಿತ್ರವನ್ನೇ ತೆಗೆದು ತೋರಿಸಿದ್ದರು.

ಕಿಡಿಗೇಡಿ

ಟೇಪಿಂದ ಎಕ್ಸ್‌ರೇ?! ಮನೇಲಿ ಬಿಚ್ಚಿದರೆ?

ಗಾಳಿಪಟ

ಗಾಳಿಯಲ್ಲಿ ಬರಲ್ಲ, ಎಲೆಕ್ಟ್ರಾನ್‌ಗೆ ಅಷ್ಟು ವೇಗ ಸಿಗೋ ಮುಂಚೆ ಅಣುಗಳಿಗೆ ಡಿಕ್ಕಿ ಹೊಡೆಯುತ್ತೆ. ಕತ್ತಲಲ್ಲಿ ನೀಲಿ ಮಿನುಗು ಕಾಣುತ್ತೆ ಅಷ್ಟೆ.

ಓಮ್‌ಶಾಂತಿ

ವಿಷಯ ಎಲ್ಲಿಗೋ ಹೋಯ್ತು. ತಗಡುತಟ್ಟೆಯವರೇ, ನಿಮ್ಮ ಮೀಟರ್ ಯಾವ ಬಗೆ? ಫೀಲ್ಡ್ ಮೀಟರ್ ಆದರೆ ಓದು ದೂರಕ್ಕೆ ಕಟ್ಟುಬಿದ್ದಿರುತ್ತೆ. ಸಾಮಾನ್ಯವಾಗಿ 25 ಮಿಮೀಗೆ ಕ್ಯಾಲಿಬ್ರೇಟ್ ಮಾಡಿರ್ತಾರೆ, 20ರಲ್ಲಿ ಹಿಡಿದರೆ ಓದು ಕಾಲುಭಾಗ ಹೆಚ್ಚು. ಪ್ರೋಬ್‌ನ ಮೈಯನ್ನೇ ಎದುರಿನ ವೋಲ್ಟೇಜ್‌ಗೆ ಏರಿಸಿ ನಡುವಿನ ಫೀಲ್ಡ್ ಸೊನ್ನೆ ಮಾಡುವ ಬಗೆ ಆದರೆ ಒಂದೆರಡು ಮಿಮೀ ಆಚೀಚೆ ಆದರೂ ಪರವಾಗಿಲ್ಲ. ಅದಕ್ಕಿಂತ ಮುಖ್ಯ: ರಾತ್ರಿಯಿಡೀ ದಾಖಲಿಸಿದರೆ ಮೀಟರ್‌ನ ಸೊನ್ನೆ ಜರುಗುತ್ತೆ. ಪ್ರತಿ ಸಾಲು ಓದುವ ಮುಂಚೆ ಪಕ್ಕದ ಬರೀ ಅಲ್ಯೂಮಿನಿಯಂ ಮೇಲೆ ನಿಲ್ಲಿಸಿ ಸೊನ್ನೆ ನೋಡಿ. ಆ 700ರಲ್ಲಿ 40 ಮೀಟರ್‌ದೇ ಇರಬಹುದು.

ತಗಡುತಟ್ಟೆ

ಫೀಲ್ಡ್ ಸೊನ್ನೆ ಮಾಡುವ ಬಗೆಯದೇ. ಇನ್ನೊಂದು ವಿಚಿತ್ರ: −1 ಕಿಲೋವೋಲ್ಟ್‌ಗೆ ಚಾರ್ಜ್ ಮಾಡಿದ ಹಾಳೆ ನಿಧಾನ, −2ಕ್ಕೆ ಮಾಡಿದ್ದು ವೇಗ. ಒಂದು ಹಂತದಲ್ಲಿ ಎರಡೂ ಗೆರೆ ಒಂದನ್ನೊಂದು ದಾಟ್ತವೆ. ಹೆಚ್ಚು ಚಾರ್ಜ್ ಮಾಡಿದ್ದರಲ್ಲಿ ಕೊನೆಗೆ ಕಡಿಮೆ ಉಳಿಯುತ್ತೆ! ಹಾಳೆ ಅದಲುಬದಲಾಗಿದೆಯಾ ಅಂತ ನಂಬರ್ ನೋಡಿದೆ, ಇಲ್ಲ.

ಡೈಎಲೆಕ್ಟ್ರಿಕ್ ದಾದಾ

ಅದಕ್ಕೆ ಹೆಸರೇ ಇದೆ, ಕ್ರಾಸ್‌ಓವರ್. 1967ರಲ್ಲಿ ಇಯೆಡಾ, ಸಾವಾ, ಶಿನೋಹಾರಾ ಪಾಲಿಥಿಲೀನ್ ಫಿಲ್ಮ್ ಮೇಲೆ ವರದಿ ಮಾಡಿದ್ದು. ವಾಹಕತೆ ಸ್ಥಿರ ಅನ್ನೋ ಕಲ್ಪನೆಗೆ ಇದಕ್ಕಿಂತ ಸ್ಪಷ್ಟ ಪುರಾವೆ ಬೇಡ. ಸ್ಥಿರ ಆಗಿದ್ದರೆ ಎರಡು ಗೆರೆಗಳು ಎಂದೂ ದಾಟಲ್ಲ. ಫೀಲ್ಡ್ ಹೆಚ್ಚಿದ್ದಾಗ ಮೇಲ್ಮೈ ಟ್ರ್ಯಾಪ್‌ನಿಂದ ಚಾರ್ಜ್ ಒಳಗೆ ಇಂಜೆಕ್ಟ್ ಆಗೋದು ಸುಲಭ, ಒಳಗೆ ಹೋದದ್ದು ತಟ್ಟೆ ಕಡೆ ಸಾಗುತ್ತೆ. ಕಡಿಮೆ ಫೀಲ್ಡ್‌ನಲ್ಲಿ ಅದು ಮೇಲೇ ಕೂತಿರುತ್ತೆ. ಕರೋನಾದ ಬೆಳಕು ಮತ್ತು ಉತ್ತೇಜಿತ ಅಣುಗಳು ಇಂಜೆಕ್ಷನ್‌ಗೆ ಕೈಜೋಡಿಸುತ್ತವೆ ಅನ್ನೋ ವಿವರಣೆಯೂ ಇದೆ. ಆದ್ದರಿಂದ ಸೂಜಿಯಿಂದ ಚಾರ್ಜ್ ಮಾಡಿದ ಹಾಳೆಗೂ ಉಜ್ಜಿ ಚಾರ್ಜ್ ಮಾಡಿದ ಹಾಳೆಗೂ ಇಳಿಕೆ ಒಂದೇ ತರ ಇರಲೇಬೇಕಂತಿಲ್ಲ.

ನಿಮ್ಮ ಅಂಕಿಗಳಿಂದ ಇನ್ನೂ ಹೆಚ್ಚು ಹಿಂಡಬೇಕಂದರೆ, ವೋಲ್ಟೇಜ್ ಇಳಿಯೋ ದರವನ್ನ ಸಮಯದಿಂದ ಗುಣಿಸಿ, ಲಾಗ್ ಸಮಯದ ಎದುರು ಗ್ರಾಫ್ ಹಾಕಿ. ಒಳದಾರಿಯೇ ಮುಖ್ಯ ಆಗಿದ್ದರೆ, ಎಲ್ಲಿ ಗುಡ್ಡ ಎದ್ದಿತೋ ಆ ಆಳದಲ್ಲಿ ಟ್ರ್ಯಾಪ್ ಹೆಚ್ಚಿವೆ ಅಂತ ಓದಿಕೊಳ್ಳಬಹುದು. ಮೇಲ್ಮೈ ಹರಡಿಕೆ ಬೆರೆತಿದ್ದರೆ ಆ ಗ್ರಾಫ್ ಸುಳ್ಳು ಹೇಳುತ್ತೆ. ಮೊದಲು ಮಚ್ಚೆ ಪರೀಕ್ಷೆ ಮಾಡಿ.

ಪಾಲಿಮರ್ ಪದ್ಮ

ಒಂದೇ ಹಾಳೆ ಮತ್ತೆ ಮತ್ತೆ ಬಳಸಬೇಡಿ. ಕರೋನಾದ ಓಝೋನ್ ಮೇಲ್ಮೈಯನ್ನ ಆಕ್ಸಿಡೈಸ್ ಮಾಡಿ ನೀರು ಹಿಡಿಯುವ ಹಾಗೆ ಮಾಡುತ್ತೆ, ಮುಂದಿನ ಓಟದಲ್ಲಿ ಇಳಿಕೆ ವೇಗ ಆಗುತ್ತೆ. ಜೊತೆಗೆ ಹಿಂದಿನ ಸಲದ ಆಳದ ಚಾರ್ಜ್ ಒಳಗೇ ಇರುತ್ತೆ. ಅಯಾನೈಸರ್‌ನಿಂದ ಮೇಲ್ಮೈ ಸೊನ್ನೆ ಮಾಡಿ ಐದು ನಿಮಿಷ ಬಿಟ್ಟು ಮತ್ತೆ ಅಳೆಯಿರಿ. ವೋಲ್ಟೇಜ್ ತಾನಾಗಿ ಮತ್ತೆ ಎದ್ದಿದ್ದರೆ ಆ ಹಾಳೆ ಪರೀಕ್ಷೆಗೆ ಬೇಡ.

ಕಿಡಿಗೇಡಿ

ವರ್ಷಗಟ್ಟಲೆ ಕೂರೋ ಚಾರ್ಜ್‌ನಿಂದ ಏನಾದ್ರೂ ಪ್ರಯೋಜನ ಇದೆಯಾ, ಬರೀ ಕಾಟವಾ?

ಗಾಳಿಪಟ

ಎಲೆಕ್ಟ್ರೆಟ್, ಅಂದರೆ ಚಾರ್ಜನ್ನು ದೀರ್ಘಕಾಲ ಹಿಡಿದಿಡೋ ಅವಾಹಕ. 1919ರ ಹೊತ್ತಿಗೆ ಮೋಟೋಟಾರೋ ಎಗುಚಿ ಕಾರ್ನೌಬಾ ಮೇಣ, ರಾಳ ಕರಗಿಸಿ, ಫೀಲ್ಡ್ ಕೊಟ್ಟು ಗಟ್ಟಿ ಮಾಡಿದ. 1962ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಸೆಸ್ಲರ್, ವೆಸ್ಟ್ ತೆಳು ಪಾಲಿಮರ್ ಹಾಳೆಯ ಎಲೆಕ್ಟ್ರೆಟ್ ಮೈಕ್ ಮಾಡಿದರು. ಮಾಸ್ಕ್‌ನ ಮಧ್ಯದ ಪದರ ಕೂಡ ಚಾರ್ಜ್ ತುಂಬಿದ ಪಾಲಿಪ್ರೊಪಿಲಿನ್ ಎಳೆಗಳೇ.

ಪಾಲಿಮರ್ ಪದ್ಮ

ಆ ಮಾಸ್ಕನ್ನ ಆಲ್ಕೊಹಾಲ್‌ನಲ್ಲಿ ಅದ್ದಿದರೆ ನೋಡೋಕೆ ಹೊಸದರಂತೆಯೇ ಇರುತ್ತೆ, ಉಸಿರಾಟಕ್ಕೂ ಅಷ್ಟೇ ತಡೆ, ಸೋಸುವ ಶಕ್ತಿ ಮಾತ್ರ ಕುಸಿದಿರುತ್ತೆ. ಒಣ ಬಿಸಿ ಇಷ್ಟು ಹಾಳು ಮಾಡಲ್ಲ.

ತಂತಿಗೋಪುರ

ಹೈ ವೋಲ್ಟೇಜ್ ಡಿಸಿ ಕಡೆಯಿಂದ ಒಂದು ಮಾತು. ಅನಿಲ ತುಂಬಿದ ಸ್ವಿಚ್‌ಗೇರ್ ಒಳಗಿನ ಎಪಾಕ್ಸಿ ಸ್ಪೇಸರ್‌ಗಳಿಗೂ (ವಾಹಕವನ್ನ ಹಿಡಿದು ನಿಲ್ಲಿಸೋ ಅವಾಹಕ ಆಧಾರ) ಇದೇ ಕಥೆ. ಎಸಿಯಲ್ಲಿ ಫೀಲ್ಡ್ ಹಂಚಿಕೆ ಕೆಪಾಸಿಟನ್ಸ್ ಪ್ರಕಾರ, ಡಿಸಿಯಲ್ಲಿ ನಿಧಾನವಾಗಿ ರೆಸಿಸ್ಟನ್ಸ್ ಪ್ರಕಾರಕ್ಕೆ ಜಾರುತ್ತೆ. ಆ ಜಾರಿಕೆಗೆ ಗಂಟೆಗಳು, ಕೆಲವೊಮ್ಮೆ ದಿನಗಳೇ ಬೇಕು. ಅಷ್ಟರಲ್ಲಿ ಸ್ಪೇಸರ್ ಮೇಲೆ ಚಾರ್ಜ್ ಜಮಾ ಆಗಿರುತ್ತೆ. ಆಗ ಪೊಲಾರಿಟಿ ತಿರುಗಿಸಿದರೆ ಹಳೇ ಚಾರ್ಜ್‌ನ ಫೀಲ್ಡ್ ಹೊಸದಕ್ಕೆ ಕೂಡಿಕೊಂಡು, ಮಾಮೂಲಿಗಿಂತ ಕಡಿಮೆ ವೋಲ್ಟೇಜ್‌ಗೇ ಫ್ಲಾಶ್‌ಓವರ್, ಅಂದರೆ ಮೇಲ್ಮೈ ಉದ್ದಕ್ಕೂ ಕಿಡಿ ಹಾರುತ್ತೆ. ಆದ್ದರಿಂದ ಪರೀಕ್ಷೆಯಲ್ಲಿ ಡಿಸಿ ಕೊಟ್ಟ ಕೂಡಲೇ ಇಂಪಲ್ಸ್ (ಕ್ಷಣಿಕ ಹೈ ವೋಲ್ಟೇಜ್ ಹೊಡೆತ) ಹಾಕಿ ಪಾಸ್ ಅನ್ನೋದು ಮೋಸ. ಗಂಟೆಗಟ್ಟಲೆ ಡಿಸಿ ಹೊತ್ತ ಮೇಲೆ ಹಾಕಬೇಕು.

ಮೇಲ್ಮೈ ಮಲ್ಲಣ್ಣ

ಪ್ರೋಬ್ ಇಲ್ಲದೋರಿಗೆ ಹಳೇ ದಾರಿ: ಪುಡಿ ಉದುರಿಸೋದು. ಲಿಖ್ಟೆನ್‌ಬರ್ಗ್ 1777ರಾಗ ಕಂಡಿದ್ದು. ಗಂಧಕ ಮತ್ತ ಕೆಂಪು ಸೀಸದ ಪುಡಿ ಬೆರೆಸಿ ತೆಳು ಬಟ್ಟ್ಯಾಗಿಂದ ಜಾಡಿಸಿದ್ರ ಗಂಧಕ ಮೈನಸ್ ಆಗಿ ಪ್ಲಸ್ ಜಾಗಕ್ಕ ಅಂಟತೈತಿ, ಸೀಸದ್ದು ಮೈನಸ್ ಜಾಗಕ್ಕ. ಹಳದಿ, ಕೆಂಪು ನಕ್ಷೆ ಕಣ್ಣಿಗೇ ಕಾಣತೈತಿ. ಆದ್ರ ಕೆಂಪು ಸೀಸ ವಿಷ, ಉಸಿರಿಗೆ ಹೋಗಬಾರದು. ಕಾಪಿ ಮೆಶಿನ್ ಟೋನರ್ ಸಾಕು, ಒಂದೇ ಚಿಹ್ನೆ ತೋರಸ್ತೈತಿ ಅಷ್ಟೆ. ಮತ್ತ ಪುಡಿ ಹಾಕಿದ ಮ್ಯಾಲೆ ಆ ಹಾಳೆ ಮ್ಯಾಲೆ ಇಳಿಕೆ ಅಳಿಯಾಕ ಬರಂಗಿಲ್ಲ.

ತಗಡುತಟ್ಟೆ

ಮಚ್ಚೆ ಪರೀಕ್ಷೆ ಆಯ್ತು, ಹೊಸ ಹಾಳೆಯಲ್ಲಿ. 30 ನಿಮಿಷಕ್ಕೆ ಮಚ್ಚೆ ಸ್ಪಷ್ಟವಾಗಿ ಅಗಲ ಆಗಿದೆ, ಮೊತ್ತ ಬಹುತೇಕ ಹಾಗೇ ಇದೆ. 100 ನಿಮಿಷಕ್ಕೆ ಮೊತ್ತವೂ ಇಳಿಯೋಕೆ ಶುರು. ಸಿಲಿಕಾ ಜೆಲ್ ಇಟ್ಟ ಡಬ್ಬಿಯಲ್ಲಿ, 20 ಪರ್ಸೆಂಟ್ ಕೆಳಗೆ, ಅಗಲ ಆಗೋದು ಹೆಚ್ಚುಕಡಿಮೆ ನಿಂತೇ ಹೋಯ್ತು.

ಮೇಲ್ಮೈ ಮಲ್ಲಣ್ಣ

ನಾ ಹೇಳಲಿಲ್ಲೇನ್ರೀ!

ಡೈಎಲೆಕ್ಟ್ರಿಕ್ ದಾದಾ

ಮೊದಲರ್ಧ ನಿಮ್ಮದು, ಬಾಲ ನನ್ನದು, ಮಲ್ಲಣ್ಣ. ತಗಡುತಟ್ಟೆಯವರೇ, ಡಬ್ಬಿಯಲ್ಲಿ ಎಷ್ಟು ಹೊತ್ತು ಇಟ್ಟು ಚಾರ್ಜ್ ಮಾಡಿದಿರಿ? ಇಎಸ್‌ಡಿ ಪ್ಯಾಕೇಜಿಂಗ್ ಪರೀಕ್ಷೆಗಳಲ್ಲಿ 12 ಪರ್ಸೆಂಟ್ ತೇವಾಂಶದಲ್ಲಿ ಕನಿಷ್ಠ 48 ಗಂಟೆ ಇಡೋದು ಸುಮ್ಮನೆ ಅಲ್ಲ. ಮೀಟರ್ 20 ತೋರಿಸಿದ ಕೂಡಲೇ ಹಾಳೆ ಒಣಗಿರಲ್ಲ.

ತಗಡುತಟ್ಟೆ

ರಾತ್ರಿಯಿಡೀ ಮಾತ್ರ. ಎರಡು ದಿನ ಇಟ್ಟು ಮತ್ತೆ ಮಾಡ್ತೀನಿ. ಪಕ್ಕದಲ್ಲೇ 50 ಮೈಕ್ರಾನ್ ಫಿಲ್ಮ್ ಕೂಡ ಇಡ್ತೀನಿ, ಆ 40 ಪಟ್ಟು ನಿಜವಾ ನೋಡೋಣ.

ಓಮ್‌ಶಾಂತಿ

ಫಿಲ್ಮ್ ಮತ್ತು ತಟ್ಟೆ ನಡುವೆ ಗಾಳಿ ಸೇರದ ಹಾಗೆ ನೋಡ್ಕೊಳ್ಳಿ. 50 ಮೈಕ್ರಾನ್ ಫಿಲ್ಮ್ ಅಡಿ 20 ಮೈಕ್ರಾನ್ ಗಾಳಿ ಪದರ ಉಳಿದರೂ ಕೆಪಾಸಿಟನ್ಸ್ ಅರ್ಧದ ಹತ್ತಿರಕ್ಕೆ ಬರುತ್ತೆ. ಹಿಂಬದಿಗೆ ಲೋಹ ಲೇಪಿಸಿದ ಫಿಲ್ಮ್ ಸಿಕ್ಕರೆ ಅದನ್ನೇ ಬಳಸಿ. ಗ್ರಿಡ್ ಕೂಡ −2 ಕಿಲೋವೋಲ್ಟ್‌ನಲ್ಲೇ ಬಿಡಬೇಡಿ, 50 ಮೈಕ್ರಾನ್‌ಗೆ ಅದು ಮಿಲಿಮೀಟರಿಗೆ 40 ಕಿಲೋವೋಲ್ಟ್ ಆಗುತ್ತೆ. ಎರಡಕ್ಕೂ ಒಂದೇ ಫೀಲ್ಡ್ ಬೇಕಂದರೆ −50 ವೋಲ್ಟ್ ಸಾಕು, ಆಗ ನಿಮ್ಮ ಮೀಟರ್ ಸೊನ್ನೆ ಎಷ್ಟು ಜರುಗುತ್ತೆ ಅನ್ನೋದೇ ದೊಡ್ಡ ಪ್ರಶ್ನೆ.